ಬೇರಿನ ಗಂಟು ಎಣಿಸುವುದೂ ಒಂದು ಉದ್ಯೋಗವೇ?

ಕಾರ್ಯಕ್ರಮದ ನಡುವೆ ಎರಡು ನಿಮಿಷದಲ್ಲಿ ಹೇಳಿ ಮುಗಿಸಲಾಗದ ಪ್ರಶ್ನೆಗಳನ್ನು ಈ ಪುಟಕ್ಕೆ ಎತ್ತಿಟ್ಟುಕೊಳ್ಳುವುದು ವಾಡಿಕೆ. ಈ ಸಲದ್ದು ಚೆಂಬೂರಿನಲ್ಲಿ ನೆಲೆಸಿರುವ, ಮೂಲತಃ ವಿಜಯಪುರ ಕಡೆಯ ಒಬ್ಬ ತಂದೆಯ ಪ್ರಶ್ನೆ. ಮಗಳು ಹನ್ನೆರಡನೆಯ ತರಗತಿ ಮುಗಿಸಿದ್ದಾಳೆ. ಅಂಕಗಳೂ ಚೆನ್ನಾಗಿಯೇ ಬಂದಿವೆ. ಆದರೆ ಡಾಕ್ಟರಿಕೆ ಬೇಡವಂತೆ, ಇಂಜಿನಿಯರಿಂಗೂ ಬೇಡವಂತೆ. ಕೃಷಿ ವಿಜ್ಞಾನ ಓದಿ, ಗಿಡದ ಬೇರಿನಲ್ಲಿರುವ ಬ್ಯಾಕ್ಟೀರಿಯಾಗಳ ಮೇಲೆ ಸಂಶೋಧನೆ ಮಾಡುತ್ತಾಳಂತೆ. "ಹೊಲದ ಸಹವಾಸ ಬ್ಯಾಡಂತ ನಮ್ಮಪ್ಪ ನನ್ನ ಮುಂಬೈಗೆ ಕಳಿಸಿದ್ರು. ಈಕಿ ನೋಡಿದ್ರ ವಾಪಸ್ ಹೊಲಕ್ಕ ಹೊಂಟಾಳ. ಇದರಾಗ ಮುಂದ ಬರಾಕ ಆಕ್ಕೈತೇನ್ರಿ?" ಎಂದು ಅವರು ಕೇಳಿದ್ದಾರೆ.

ಆಗುತ್ತದೋ ಇಲ್ಲವೋ ಎಂದು ಒಂದೇ ಮಾತಿನಲ್ಲಿ ಹೇಳುವ ಬದಲು, ಇದೇ ಕೆಲಸದಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಕಳೆದ ಒಬ್ಬ ಮಹಿಳೆಯ ವೃತ್ತಿಜೀವನವನ್ನೇ ಬಿಡಿಸಿ ನೋಡೋಣ. ಹೆಸರು ಮರಿಯಾಂಜೆಲಾ ಹುಂಗ್ರಿಯಾ, ಊರು ಬ್ರೆಜಿಲ್. 2025ರ ವಿಶ್ವ ಆಹಾರ ಪ್ರಶಸ್ತಿ ಸಿಕ್ಕಿದ್ದು ಇವರಿಗೆ. ಹಸಿರು ಕ್ರಾಂತಿಯ ನಾರ್ಮನ್ ಬೋರ್ಲಾಗ್ ಹುಟ್ಟುಹಾಕಿದ ಈ ಪ್ರಶಸ್ತಿಯನ್ನು 1987ರಲ್ಲಿ ಮೊದಲ ಬಾರಿಗೆ ಪಡೆದವರು ನಮ್ಮ ಎಂ. ಎಸ್. ಸ್ವಾಮಿನಾಥನ್. ಬಹುಮಾನದ ಮೊತ್ತ 5 ಲಕ್ಷ ಡಾಲರ್. ಕೃಷಿ ಕ್ಷೇತ್ರದ ನೊಬೆಲ್ ಎಂದು ಪತ್ರಿಕೆಗಳು ಬರೆಯುವುದುಂಟು. ಸ್ವಾಮಿನಾಥನ್ ಅವರ ಕಾಲದಲ್ಲಿ ಇಳುವರಿ ಹೆಚ್ಚಿದ್ದು ಹೊಸ ತಳಿ, ನೀರು, ಗೊಬ್ಬರದ ಚೀಲ ಇವುಗಳಿಂದ. ಹುಂಗ್ರಿಯಾ ಅವರಿಗೆ ಪ್ರಶಸ್ತಿ ಬಂದದ್ದು ಆ ಗೊಬ್ಬರದ ಚೀಲವನ್ನೇ ಹೊಲದಿಂದ ಹೊರಗಿಟ್ಟಿದ್ದಕ್ಕೆ!

ಅದು ಹೇಗೆ ಎಂದು ತಿಳಿಯಬೇಕಾದರೆ ಶಾಲೆಯ ಪಾಠವನ್ನು ಒಂದಿಷ್ಟು ನೆನಪು ಮಾಡಿಕೊಳ್ಳಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಶೇ. 78ರಷ್ಟು ಸಾರಜನಕ. ಗಿಡ ಹಸಿರಾಗಿ ಬೆಳೆಯಲು, ಕಾಳಿನಲ್ಲಿ ಪ್ರೋಟೀನ್ ತುಂಬಲು ಬೇಕಾದದ್ದೂ ಸಾರಜನಕವೇ. ಆದರೆ ಗಾಳಿಯಲ್ಲಿರುವ ಸಾರಜನಕದ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಗಟ್ಟಿಯಾಗಿ ಕೈಹಿಡಿದುಕೊಂಡಿರುತ್ತವೆ. ಆ ಹಿಡಿತ ಬಿಡಿಸುವ ಶಕ್ತಿ ಯಾವ ಗಿಡಕ್ಕೂ ಇಲ್ಲ. ಸಮುದ್ರದ ನಡುವೆ ಬಾಯಾರಿ ಕುಳಿತವನ ಸ್ಥಿತಿ ಅದರದ್ದು. ಇದನ್ನು ಬಿಡಿಸುವ ವಿದ್ಯೆಯನ್ನು ಮನುಷ್ಯ ಕಲಿತದ್ದು ತೀರಾ ಈಚೆಗೆ. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದರು, 1913ರಲ್ಲಿ ಕಾರ್ಲ್ ಬಾಷ್ ಕಾರ್ಖಾನೆಯಲ್ಲಿ ಸಾಧಿಸಿದರು. ನಾನೂರು ಡಿಗ್ರಿಗೂ ಮೀರಿದ ಶಾಖ, ವಾತಾವರಣಕ್ಕಿಂತ ನೂರಾರು ಪಟ್ಟು ಒತ್ತಡ. ನಮ್ಮ ಯೂರಿಯಾದ ಹಿಂದೆ ಇರುವುದು ಇದೇ ಭಟ್ಟಿ.

ಬೇರಿನ ಗಂಟಿನೊಳಗಿನ ಬ್ಯಾಕ್ಟೀರಿಯಾ ಇದೇ ಕೆಲಸವನ್ನು ಸದ್ದಿಲ್ಲದೆ, ಹೊಲದ ಮಣ್ಣಿನ ತಂಪಿನಲ್ಲೇ ಮಾಡುತ್ತದೆ. ತೊಗರಿ, ಕಡಲೆ, ಶೇಂಗಾ, ಅವರೆ, ಸೋಯಾ ಮುಂತಾದ ದ್ವಿದಳ ಬೆಳೆಗಳ ಬೇರಿನಲ್ಲಿ ಸಾಸಿವೆ ಕಾಳಿನಷ್ಟೋ ಕಡಲೆ ಕಾಳಿನಷ್ಟೋ ದಪ್ಪದ ಗಂಟುಗಳನ್ನು ನೋಡಿರುತ್ತೀರಿ. ರೋಗದ ಗಂಟು ಎಂದು ಹೆದರಬೇಕಿಲ್ಲ, ಅವು ಗಿಡವೇ ಕಟ್ಟಿಕೊಟ್ಟ ಮನೆಗಳು. ಗಿಡ ಸಕ್ಕರೆ ಕೊಡುತ್ತದೆ, ಒಳಗಿನ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾ ಸಾರಜನಕ ಕೊಡುತ್ತದೆ. ಗಂಟಿಗೂ ಸಾರಜನಕಕ್ಕೂ ಸಂಬಂಧವಿದೆ ಎಂದು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ತೋರಿಸಿದ್ದು 1886ರಲ್ಲಿ. ಎರಡು ವರ್ಷದ ನಂತರ ಹಾಲೆಂಡಿನ ಬೈಯೆರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಇಡುತ್ತಿದ್ದ ನಮ್ಮ ಅಜ್ಜಂದಿರು ಈ ಹೆಸರುಗಳನ್ನು ಕೇಳಿರಲಿಲ್ಲ, ಆದರೆ ಫಲ ಮಾತ್ರ ಉಣ್ಣುತ್ತಿದ್ದರು.

ಇಲ್ಲಿ ಒಂದು ಸ್ವಾರಸ್ಯ ಇದೆ. ಸಾರಜನಕದ ಹಿಡಿತ ಬಿಡಿಸುವ ಕಿಣ್ವಕ್ಕೆ ನೈಟ್ರೋಜಿನೇಸ್ ಎಂದು ಹೆಸರು. ಅದಕ್ಕೆ ಆಮ್ಲಜನಕ ಎಂದರೆ ವಿಷ, ತಾಗಿದರೆ ಕೆಟ್ಟುಹೋಗುತ್ತದೆ. ಆದರೆ ಬ್ಯಾಕ್ಟೀರಿಯಾ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಈ ಇಕ್ಕಟ್ಟಿಗೆ ಗಂಟಿನೊಳಗೆ ಸಿಕ್ಕಿರುವ ಪರಿಹಾರ ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಹತ್ತಿರದ ನೆಂಟ. ಲೆಗ್‌ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು, ಬೇಕಾದಷ್ಟನ್ನೇ ಅಳೆದು ಬಡಿಸುತ್ತದೆ. ಅದಕ್ಕೇ ಕೆಲಸ ಮಾಡುವ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ ಕಾಣುತ್ತದೆ.

ಇನ್ನು ವ್ಯಕ್ತಿಗಳ ಕಥೆಗೆ ಬರೋಣ. ಹುಂಗ್ರಿಯಾ ಅವರ ಕಥೆ ಅವರ ಗುರುವಿನಿಂದಲೇ ಶುರುವಾಗಬೇಕು. ಜೊಹಾನಾ ಡೊಬೆರೈನರ್ ಹುಟ್ಟಿದ್ದು 1924ರಲ್ಲಿ, ಆಗಿನ ಜೆಕೊಸ್ಲೊವಾಕಿಯಾದಲ್ಲಿ, ಜರ್ಮನ್ ಮಾತಾಡುವ ಮನೆಯಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿದ್ದ ಜರ್ಮನ್ನರೆಲ್ಲ ಊರು ಬಿಡಬೇಕಾಯಿತು. ಜೊಹಾನಾ ಜರ್ಮನಿಯ ತೋಟಗಳಲ್ಲಿ ಕೂಲಿ ಮಾಡಿದರು, ಆಮೇಲೆ ಮ್ಯೂನಿಕ್‌ನಲ್ಲಿ ಕೃಷಿ ಓದಿದರು. ಮದುವೆಯಾಗಿ ಪತಿಯೊಂದಿಗೆ ಬ್ರೆಜಿಲ್ ಸೇರಿದರು. 1951ರಲ್ಲಿ ರಿಯೋ ನಗರದ ಹೊರಗೆ ಸೆರೊಪೆಡಿಕಾ ಎಂಬಲ್ಲಿನ ಸರ್ಕಾರಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಹಳೆಯ ರಿಯೋ-ಸಾವೊಪಾಲೊ ರಸ್ತೆಯ 47ನೇ ಕಿಲೋಮೀಟರಿನಲ್ಲಿ ಇದ್ದುದರಿಂದ ಆ ಜಾಗವನ್ನು ಜನ "ಕಿಲೋಮೀಟರ್ 47" ಎಂದೇ ಕರೆಯುತ್ತಿದ್ದರು. 1956ರಲ್ಲಿ ಅವರು ಬ್ರೆಜಿಲ್ ಪೌರತ್ವ ಪಡೆದರು. 2000ದಲ್ಲಿ ತೀರಿಕೊಂಡದ್ದೂ ಅದೇ ಸೆರೊಪೆಡಿಕಾದಲ್ಲಿ. ಪರವೂರಿಗೆ ಹೋಗಿ ಅಲ್ಲಿಯವರೇ ಆಗಿಬಿಡುವುದು ಏನೆಂದು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ.

ಜೊಹಾನಾ ತಲೆಗೆ ಹಚ್ಚಿಕೊಂಡ ಪ್ರಶ್ನೆ ಬೇರೆಯದು. ಗಂಟು ಕಟ್ಟುವ ದ್ವಿದಳ ಬೆಳೆ ಸರಿ, ಗಂಟೇ ಇಲ್ಲದ ಹುಲ್ಲು, ಕಬ್ಬು, ಜೋಳ ಇವುಗಳ ಬೇರಿನ ಸುತ್ತ ಯಾರಿದ್ದಾರೆ? ಗೊಬ್ಬರ ಕಾಣದ ಬಯಲುಗಳಲ್ಲಿ ಹುಲ್ಲು ವರ್ಷಗಟ್ಟಲೆ ಹಸಿರಾಗಿರುವುದು ಹೇಗೆ? ಆ ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಹೊರಟವರಿಗೆ ಅದೇ ಆಮ್ಲಜನಕದ ಇಕ್ಕಟ್ಟು ಎದುರಾಗುತ್ತಿತ್ತು. ಗಟ್ಟಿ ತಟ್ಟೆಯ ಮೇಲೆ ಬೆಳೆಸಿದರೆ ಗಾಳಿ ಜಾಸ್ತಿ, ಪೂರ್ತಿ ಮುಚ್ಚಿಟ್ಟರೆ ಉಸಿರೇ ಇಲ್ಲ. ಜೊಹಾನಾ ಅವರ ಉಪಾಯ ನಮ್ಮ ಅಡುಗೆಮನೆಯಲ್ಲೂ ಅರ್ಥವಾಗುವಂಥದ್ದು. ಆಹಾರ ದ್ರಾವಣಕ್ಕೆ ಅಗರ್ ಪುಡಿಯನ್ನು ತುಂಬಾ ಕಡಿಮೆ ಹಾಕಿ, ಅತ್ತ ನೀರೂ ಅಲ್ಲ, ಇತ್ತ ಗಟ್ಟಿಯೂ ಅಲ್ಲ, ತಿಳಿಗಂಜಿಯ ಹದಕ್ಕೆ ತಂದು ಸಣ್ಣ ಸೀಸೆಯಲ್ಲಿ ಇಟ್ಟರು. ಮೇಲ್ಭಾಗದಲ್ಲಿ ಗಾಳಿ ಹೆಚ್ಚು, ಕೆಳಗೆ ಹೋದಂತೆ ಕಡಿಮೆ. ಬ್ಯಾಕ್ಟೀರಿಯಾ ತನಗೆ ಹದವಾದ ಆಳವನ್ನು ತಾನೇ ಹುಡುಕಿಕೊಂಡು, ಮೇಲ್ಮೈಯಿಂದ ಕೆಲವು ಮಿಲಿಮೀಟರ್ ಕೆಳಗೆ ಹಾಲಿನ ಕೆನೆಯಂತೆ ತೆಳುವಾದ ಬಿಳಿ ಪರದೆ ಕಟ್ಟಿತು. ದುಬಾರಿ ಯಂತ್ರವಿಲ್ಲ, ಒಂದು ಸೀಸೆ ಅಷ್ಟೇ. ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಈ ವಿಧಾನ ಬಳಕೆಯಲ್ಲಿದೆ.

ಆ ಸೀಸೆಗಳಲ್ಲಿ 1970ರ ದಶಕದಲ್ಲಿ ಹೊಸ ಬೆಳಕು ಕಂಡ ಒಂದು ಗುಂಪಿಗೆ 1978ರಲ್ಲಿ ಅಜೊಸ್ಪಿರಿಲ್ಲಂ ಎಂದು ಹೆಸರಿಟ್ಟರು. ಹೆಸರಿಟ್ಟ ಮೂವರಲ್ಲಿ ಜೊಹಾನಾ ಒಬ್ಬರು. ಊರಿನ ಕಡೆ ಗೊಬ್ಬರದ ಅಂಗಡಿಗೆ ಹೋಗಿ ಬಂದವರಿಗೆ ಈ ಹೆಸರು ಹೊಸದಲ್ಲ, ಜೈವಿಕ ಗೊಬ್ಬರದ ಪೊಟ್ಟಣದ ಮೇಲೆ ಇರುವುದು ಇದೇ. ಅದರ ಒಂದು ಪ್ರಭೇದದ ಹೆಸರೇ ಬ್ರೆಸಿಲೆನ್ಸ್, ಅಂದರೆ ಬ್ರೆಜಿಲ್ ಮೂಲದ್ದು. 1988ರಲ್ಲಿ ಕಬ್ಬಿನ ಜಲ್ಲೆಯ ಒಳಗೇ ವಾಸಿಸುತ್ತ ಸಾರಜನಕ ಹಿಡಿಯುವ ಇನ್ನೊಂದು ಬ್ಯಾಕ್ಟೀರಿಯಾವನ್ನೂ ಅವರ ತಂಡ ವರದಿ ಮಾಡಿತು. ಮಂಡ್ಯದ ಕಡೆಯವರು ಕಿವಿ ನಿಮಿರಿಸಬೇಕಾದ ವಿಷಯ. ಅದನ್ನು ಇನ್ನೊಮ್ಮೆ ನೋಡೋಣ.

ಜೊಹಾನಾ ಅವರ ಅತಿ ದೊಡ್ಡ ಗೆಲುವು ಮಾತ್ರ ಸೋಯಾದಲ್ಲಿ. 1960ರ ದಶಕದಲ್ಲಿ ಬ್ರೆಜಿಲ್ ಸೋಯಾ ಬೆಳೆಯನ್ನು ದೊಡ್ಡ ಮಟ್ಟದಲ್ಲಿ ಎತ್ತಿಕೊಂಡಾಗ ಒಂದು ಪ್ರಶ್ನೆ ಎದ್ದಿತು. ಸಾರಜನಕ ಗೊಬ್ಬರ ಹಾಕಿ ಹೆಚ್ಚು ಇಳುವರಿ ಕೊಡುವ ತಳಿಗಳನ್ನು ಆರಿಸಬೇಕೋ, ಗೊಬ್ಬರವಿಲ್ಲದೆ ಬೇರಿನ ಗಂಟನ್ನೇ ನಂಬಿ ಚೆನ್ನಾಗಿ ಬರುವ ತಳಿಗಳನ್ನೋ? ಜೊಹಾನಾ ಎರಡನೆಯದರ ಪರ ಹಟ ಹಿಡಿದರು. ಇದು ಸಣ್ಣ ವಿಷಯವಲ್ಲ. ಯೂರಿಯಾ ಸುರಿದ ಮಣ್ಣಿನಲ್ಲಿ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ, ಪುಕ್ಕಟೆ ಊಟ ಸಿಗುವಾಗ ಅಡುಗೆಯವರಿಗೆ ಸಂಬಳ ಯಾಕೆ ಎಂಬ ಲೆಕ್ಕ. ಅಂಥ ಹೊಲದಲ್ಲಿ ಆರಿಸಿದ ತಳಿಗಳು ಬರುಬರುತ್ತ ಗಂಟು ಕಟ್ಟುವ ಗುಣವನ್ನೇ ಕಳೆದುಕೊಳ್ಳಬಹುದು. ಬ್ರೆಜಿಲ್‌ನಲ್ಲಿ ತಳಿ ಆಯ್ಕೆ ಮೊದಲಿನಿಂದಲೂ ಬ್ಯಾಕ್ಟೀರಿಯಾ ಲೇಪಿಸಿದ ಬೀಜದೊಂದಿಗೆ, ಸಾರಜನಕ ಗೊಬ್ಬರ ಹಾಕದೆ ನಡೆಯಿತು. ಸೋಯಾ ಚೀನಾದ ಬೆಳೆ. ಅದಕ್ಕೆ ಹೊಂದುವ ಬ್ಯಾಕ್ಟೀರಿಯಾ ಬ್ರೆಜಿಲ್ ಮಣ್ಣಿನಲ್ಲಿ ಇರಲೇ ಇಲ್ಲ, ಬೀಜದ ಜೊತೆ ಅದನ್ನೂ ತಂದು ಬಿತ್ತಬೇಕಾಯಿತು.

ಈ ಹಂತದಲ್ಲಿ ಹುಂಗ್ರಿಯಾ ಕಾಣಿಸಿಕೊಳ್ಳುತ್ತಾರೆ. 1958ರಲ್ಲಿ ಸಾವೊಪಾಲೊ ರಾಜ್ಯದಲ್ಲಿ ಹುಟ್ಟಿದ ಇವರಿಗೆ ಎಂಟನೇ ವಯಸ್ಸಿನಲ್ಲಿ ಅಜ್ಜಿ ಒಂದು ಪುಸ್ತಕ ಕೊಟ್ಟರಂತೆ. ಪಾಶ್ಚರ್, ಕೋಖ್ ಮುಂತಾದವರ ಬಗ್ಗೆ ಪಾಲ್ ಡಿ ಕ್ರೈಫ್ ಬರೆದ 'ಮೈಕ್ರೋಬ್ ಹಂಟರ್ಸ್'. ಅಲ್ಲಿಂದ ಸೂಕ್ಷ್ಮಜೀವಿಗಳ ಹುಚ್ಚು. ಆದರೆ ರೋಗ ತರುವ ಸೂಕ್ಷ್ಮಜೀವಿಗಳ ಬದಲು, ಉಪಕಾರ ಮಾಡುವವುಗಳ ಹಿಂದೆ ಹೋದರು. ಕೃಷಿ ಪದವಿ, ಸ್ನಾತಕೋತ್ತರ ಪದವಿ ಮುಗಿಸಿ, 1982ರಲ್ಲಿ ಜೊಹಾನಾ ಅವರ ಗರಡಿಗೆ ಸೇರಿದರು. ಡಾಕ್ಟರೇಟ್ ರಿಯೋದ ಗ್ರಾಮೀಣ ವಿಶ್ವವಿದ್ಯಾಲಯದಲ್ಲಿ, ನೌಕರಿ ಬ್ರೆಜಿಲ್ ಸರ್ಕಾರದ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾದಲ್ಲಿ. ನಮ್ಮ ಐಸಿಎಆರ್ ಇದ್ದಂತೆ ಅದು, ಶುರುವಾದದ್ದು 1973ರಲ್ಲಿ. ರಾಸಾಯನಿಕ ಗೊಬ್ಬರದ ವೈಭವದ ಕಾಲ ಅದು. ಬ್ಯಾಕ್ಟೀರಿಯಾದಿಂದ ಬೆಳೆ ಬೆಳೆಸುತ್ತೇನೆ ಎಂದ ಹುಡುಗಿಗೆ ಇದರಲ್ಲಿ ಭವಿಷ್ಯವಿಲ್ಲ ಎಂದು ಬುದ್ಧಿ ಹೇಳಿದವರೇ ಹೆಚ್ಚು. ಚೆಂಬೂರಿನ ಮನೆಯಲ್ಲಿ ಈಗ ಕೇಳಿಬರುತ್ತಿರುವ ಮಾತೂ ಅದೇ ತಾನೆ?

1991ರಲ್ಲಿ ಅವರು ದಕ್ಷಿಣದ ಪರಾನಾ ರಾಜ್ಯದ ಲೊಂಡ್ರಿನಾದಲ್ಲಿರುವ ಸೋಯಾ ಕೇಂದ್ರಕ್ಕೆ ಬಂದರು. ಅಲ್ಲಿಂದಾಚೆ ಬಹುತೇಕ ಕೆಲಸ ಅಲ್ಲೇ.

ಈ ಕೆಲಸ ಅಂದರೆ ದಿನವೂ ಏನು ಮಾಡುವುದು? ಬಿಳಿ ಕೋಟು, ಸೂಕ್ಷ್ಮದರ್ಶಕ ಮಾತ್ರ ಕಣ್ಣಮುಂದೆ ತಂದುಕೊಳ್ಳಬೇಡಿ. ಮೊದಲ ಸಲಕರಣೆ ಸಲಿಕೆ. ಗಿಡವನ್ನು ಜಗ್ಗಿ ಕಿತ್ತರೆ ಗಂಟು ಮಣ್ಣಿನಲ್ಲೇ ಉಳಿಯುತ್ತದೆ, ಹಾಗಾಗಿ ಸುತ್ತ ಅಗೆದು ಹೆಂಟೆ ಸಮೇತ ಎತ್ತಬೇಕು. ನೀರಿನಲ್ಲಿ ನಿಧಾನವಾಗಿ ಬೇರು ತೊಳೆದು, ಗಂಟುಗಳನ್ನು ಬಿಡಿಸಿ, ಎಣಿಸಿ, ಒಣಗಿಸಿ, ತೂಕ ನೋಡಬೇಕು. ಇಂಥ ನೂರಾರು ಗಿಡ. ಗಂಟಿನಿಂದ ಬ್ಯಾಕ್ಟೀರಿಯಾ ತೆಗೆದು ಬೆಳೆಸುವುದು, ಯಾವುದು ಚುರುಕು ಯಾವುದು ಸೋಮಾರಿ ಎಂದು ಕುಂಡದಲ್ಲಿ ಪರೀಕ್ಷಿಸುವುದು ಆಮೇಲಿನ ಮಾತು. ಹೌದು, ಇವುಗಳಲ್ಲೂ ಸೋಮಾರಿಗಳಿವೆ. ಗಂಟು ಕಟ್ಟಿಸಿಕೊಂಡು, ಸಕ್ಕರೆ ತಿಂದು, ಏನೂ ಕೊಡದೆ ಇರುವ ಬಾಡಿಗೆದಾರರು. ಕುಂಡದಲ್ಲಿ ಗೆದ್ದದ್ದು ಹೊಲದಲ್ಲಿ ಸೋಲುವುದು ಮಾಮೂಲು, ಯಾಕೆಂದರೆ ಮಣ್ಣಿನಲ್ಲಿ ಮೊದಲೇ ಬೀಡುಬಿಟ್ಟ ಸಾವಿರಾರು ಬಗೆಯ ಸೂಕ್ಷ್ಮಜೀವಿಗಳು ಹೊಸಬರನ್ನು ಒಳಗೆ ಬಿಡುವುದಿಲ್ಲ. ಹೊಲದ ಪ್ರಯೋಗಕ್ಕೆ ವರ್ಷಕ್ಕೆ ಒಂದೋ ಎರಡೋ ಅವಕಾಶ. ಆ ವರ್ಷ ಮಳೆ ಕೈಕೊಟ್ಟರೆ ಮುಂದಿನ ವರ್ಷವೇ ಗತಿ. ಹೀಗಿರುವಾಗ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಹಂಗಾಮುಗಳಲ್ಲಿ ಒಂದೇ ಉತ್ತರ ಬಂದರೆ ಮಾತ್ರ ರೈತನಿಗೆ ಹೇಳಬಹುದು.

ಹುಂಗ್ರಿಯಾ ಹೀಗೆ ಕಾದು ಪಡೆದ ಒಂದು ಉತ್ತರ ನೋಡಿ. ಒಮ್ಮೆ ಬ್ಯಾಕ್ಟೀರಿಯಾ ಲೇಪಿಸಿ ಬಿತ್ತಿದರೆ ಅದು ಮಣ್ಣಿನಲ್ಲಿ ನೆಲೆಯೂರುತ್ತದೆ, ಮರುವರ್ಷ ಮತ್ತೆ ಲೇಪಿಸುವುದು ದಂಡ ಎಂಬ ನಂಬಿಕೆ ಎಲ್ಲೆಡೆ ಇತ್ತು. ತರ್ಕ ಸರಿಯಾಗಿಯೇ ಇದೆ ಅಲ್ಲವೇ? ಆದರೆ ಹೊಲದ ಪ್ರಯೋಗಗಳಲ್ಲಿ ಪ್ರತಿ ವರ್ಷ ಲೇಪಿಸಿ ಬಿತ್ತಿದ ಕಡೆ ಸರಾಸರಿ ಶೇ. 8ರಷ್ಟು ಹೆಚ್ಚು ಸೋಯಾ ಬಂತು. ಹಳೆಯ ಬ್ಯಾಕ್ಟೀರಿಯಾ ಮಣ್ಣಿನಲ್ಲೆಲ್ಲ ಚದುರಿರುತ್ತದೆ, ಬೀಜಕ್ಕೆ ಅಂಟಿದ್ದು ಮೊಳಕೆಯ ಬೇರಿಗೆ ಮೊದಲ ದಿನವೇ ಸಿಗುತ್ತದೆ. ಆ ಮುಂಚಿತ ಗಂಟುಗಳೇ ವ್ಯತ್ಯಾಸ ಮಾಡುವುದು. ನಂತರ ಅವರು ಗಂಟಿನ ಬ್ಯಾಕ್ಟೀರಿಯಾದ ಜೊತೆಗೆ ಗುರುವಿನ ಅಜೊಸ್ಪಿರಿಲ್ಲಂ ಅನ್ನೂ ಸೇರಿಸಿ ನೋಡಿದರು. 2013ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಬರೀ ಗಂಟಿನ ಬ್ಯಾಕ್ಟೀರಿಯಾದಿಂದ ಹೆಕ್ಟೇರಿಗೆ ಸರಾಸರಿ 222 ಕಿಲೋ ಹೆಚ್ಚುವರಿ ಸೋಯಾ, ಎರಡನ್ನೂ ಸೇರಿಸಿದಾಗ 427 ಕಿಲೋ. ಹೆಚ್ಚುಕಡಿಮೆ ದುಪ್ಪಟ್ಟು.

ಅಜೊಸ್ಪಿರಿಲ್ಲಂ ವಿಷಯದಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. 1970ರ ದಶಕದಲ್ಲಿ ಅದು ಸಿಕ್ಕಾಗ, ಇನ್ನೇನು ಜೋಳ ಗೋಧಿಗಳೂ ಗಾಳಿಯಿಂದಲೇ ಗೊಬ್ಬರ ಹೀರುತ್ತವೆ ಎಂದು ಜಗತ್ತೇ ಕುಣಿಯಿತು. ಹಾಗೆ ಆಗಲಿಲ್ಲ. ಒಂದು ಕಡೆ ಫಲ, ಇನ್ನೊಂದು ಕಡೆ ಏನೂ ಇಲ್ಲ. ಅದು ಕೊಡುವ ಸಾರಜನಕ ಸ್ವಲ್ಪವೇ, ಅದರ ನಿಜವಾದ ಉಪಕಾರ ಬೇರನ್ನು ಬೆಳೆಸುವ ಹಾರ್ಮೋನುಗಳಲ್ಲಿದೆ ಎಂಬುದು ನಿಧಾನವಾಗಿ ಸ್ಪಷ್ಟವಾಯಿತು. ಬೇರು ಹೆಚ್ಚಿದರೆ ನೀರು, ಪೋಷಕಾಂಶ ಎರಡನ್ನೂ ಹೆಚ್ಚು ಹೀರುತ್ತದೆ. ಉತ್ಸಾಹ ಇಳಿದ ಮೇಲೆ ಹಲವರು ಕೈಬಿಟ್ಟರು. ಹುಂಗ್ರಿಯಾ ತಂಡ ಮಾತ್ರ ಪರಾನಾದ ಹೊಲಗಳಲ್ಲಿ ಒಂದೊಂದೇ ತಳಿಯನ್ನು ಸೋಸುತ್ತ ಹೋಯಿತು. ಹೀಗೆ ಆರಿಸಿದ ಎರಡು ತಳಿಗಳು 2009ರ ಸುಮಾರಿಗೆ ಬ್ರೆಜಿಲ್ ಮಾರುಕಟ್ಟೆಗೆ ಬಂದವು. ಮುಸುಕಿನ ಜೋಳದಲ್ಲಿ ಮೇಲುಗೊಬ್ಬರವಾಗಿ ಕೊಡುವ ಸಾರಜನಕದಲ್ಲಿ ಕಾಲು ಭಾಗವನ್ನು ಇವುಗಳಿಂದ ಉಳಿಸಬಹುದು ಎಂದು ಅವರ ಪ್ರಯೋಗಗಳು ಹೇಳುತ್ತವೆ. ಪೂರ್ತಿ ಅಲ್ಲ, ಕಾಲು ಭಾಗ. ಇಷ್ಟೇ ಎಂದು ಹೇಳುವ ವಿಜ್ಞಾನಿಯನ್ನು ನಾನು ಹೆಚ್ಚು ನಂಬುತ್ತೇನೆ.

ಸೋಯಾದ ಲೆಕ್ಕ ಮಾತ್ರ ಬೆರಗು ಹುಟ್ಟಿಸುವಂಥದ್ದು. ಒಂದು ಟನ್ ಸೋಯಾ ಕಾಳು ಬೆಳೆಯಲು ಗಿಡಕ್ಕೆ ಸುಮಾರು 80 ಕಿಲೋ ಸಾರಜನಕ ಬೇಕು. ಹೆಕ್ಟೇರಿಗೆ ಮೂರು ಟನ್ ಬೆಳೆದರೆ 240 ಕಿಲೋ. ಯೂರಿಯಾದಲ್ಲಿ ಸಾರಜನಕ ಇರುವುದು ಶೇ. 46, ಅಂದರೆ ಒಂದು ಹೆಕ್ಟೇರಿಗೆ 520 ಕಿಲೋ ಯೂರಿಯಾ, 45 ಕಿಲೋದ ಹನ್ನೊಂದೂವರೆ ಚೀಲ. ಅದೂ ಹಾಕಿದ್ದೆಲ್ಲ ಗಿಡಕ್ಕೇ ಸಿಗುತ್ತದೆ ಎಂದುಕೊಂಡರೆ. ವಾಸ್ತವದಲ್ಲಿ ಗಣನೀಯ ಭಾಗ ಗಾಳಿಗೆ, ನೀರಿಗೆ ಹೋಗುತ್ತದೆ. ಬ್ರೆಜಿಲ್ ರೈತ ಇಷ್ಟು ಚೀಲಗಳ ಬದಲು ಬೀಜಕ್ಕೆ ಒಂದಿಷ್ಟು ಬ್ಯಾಕ್ಟೀರಿಯಾ ಲೇಪಿಸುತ್ತಾನೆ. ಅಲ್ಲಿನ ಸೋಯಾ ಪ್ರದೇಶದ ಶೇ. 80ಕ್ಕೂ ಹೆಚ್ಚು ಭಾಗದಲ್ಲಿ ಈಗ ಇದೇ ಪದ್ಧತಿ. 4 ಕೋಟಿ ಹೆಕ್ಟೇರಿಗೂ ಮೀರಿದ ನೆಲ! ಇದರಿಂದ ರೈತರಿಗೆ ಆಗುವ ಉಳಿತಾಯ ವರ್ಷಕ್ಕೆ 2,500 ಕೋಟಿ ಡಾಲರ್‌ವರೆಗೆ ಎಂದು ಪ್ರಶಸ್ತಿ ಕೊಟ್ಟವರು ಅಂದಾಜಿಸಿದ್ದಾರೆ.

ಇದರ ಮಗ್ಗುಲನ್ನೂ ನೋಡಬೇಕು. ಅದೇ ಸೋಯಾಕ್ಕಾಗಿ ಬ್ರೆಜಿಲ್‌ನ ಸೆರ್ರಾಡೊ ಹುಲ್ಲುಗಾವಲು, ಕಾಡು ಅಪಾರ ಪ್ರಮಾಣದಲ್ಲಿ ನೆಲಸಮವಾಗಿವೆ. ಬೆಳೆದದ್ದರಲ್ಲಿ ದೊಡ್ಡ ಪಾಲು ಹಡಗು ಹತ್ತಿ ಚೀನಾದ ಹಂದಿ, ಕೋಳಿಗಳ ಮೇವಾಗುತ್ತದೆ. ಬ್ಯಾಕ್ಟೀರಿಯಾ ಗೊಬ್ಬರ ಉಳಿಸಿತು, ಕಾಡು ಉಳಿಸುವುದು ಅದರ ಕೈಯಲ್ಲಿರಲಿಲ್ಲ. ಇದ್ದ ಹೊಲದಲ್ಲೇ ಹೆಚ್ಚು ಬೆಳೆದರೆ ಹೊಸ ಹೊಲ ಬೇಕಾಗುವುದಿಲ್ಲ ಎಂಬ ವಾದ ಉಂಟು. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ಇನ್ನೊಂದು ವಿಚಿತ್ರ ಎಂದರೆ ಇಷ್ಟಾದರೂ ಬ್ರೆಜಿಲ್ ಒಟ್ಟು ರಸಗೊಬ್ಬರದಲ್ಲಿ ಸುಮಾರು ಶೇ. 85ರಷ್ಟನ್ನು ಹೊರಗಿನಿಂದ ತರಿಸುತ್ತದೆ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ಬೆಲೆ ಗಗನಕ್ಕೇರಿದಾಗ ಅಲ್ಲಿಯ ರೈತರೂ ನಡುಗಿದರು. ಸೋಯಾಕ್ಕೆ ಸಾರಜನಕ ಕೊಳ್ಳುವ ಸ್ಥಿತಿಯೂ ಇದ್ದಿದ್ದರೆ ಏನಾಗುತ್ತಿತ್ತೋ.

ನಮ್ಮಲ್ಲಿ? ಆ ವರ್ಷ ಕೇಂದ್ರ ಸರ್ಕಾರದ ರಸಗೊಬ್ಬರ ಸಬ್ಸಿಡಿ 2 ಲಕ್ಷ ಕೋಟಿ ರೂಪಾಯಿ ದಾಟಿತು. 2018ರಲ್ಲಿ 45 ಕಿಲೋ ಯೂರಿಯಾ ಚೀಲಕ್ಕೆ ತೆರಿಗೆ ಮತ್ತು ಬೇವಿನ ಲೇಪನದ ಖರ್ಚು ಬಿಟ್ಟು 242 ರೂಪಾಯಿ ಎಂದು ನಿಗದಿಯಾಯಿತು. ಇಷ್ಟು ಅಗ್ಗದ ಚೀಲ ಎದುರಿಗಿರುವಾಗ ಪೊಟ್ಟಣದ ಬ್ಯಾಕ್ಟೀರಿಯಾಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ನಮ್ಮ ರೈತರಿಗೆ ಇದು ಗೊತ್ತಿಲ್ಲ ಅಂತಲ್ಲ. ಬೆಂಗಳೂರು, ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳು ಎಷ್ಟೋ ವರ್ಷಗಳಿಂದ ರೈಜೋಬಿಯಂ ತಯಾರಿಸಿ ಕೊಡುತ್ತಿವೆ. ತೊಡಕು ಬೇರೆ ಕಡೆಯೂ ಇದೆ. ಬ್ರೆಜಿಲ್ ಕಾನೂನಿನಂತೆ ಇಂಥ ಉತ್ಪನ್ನದ ಒಂದು ಗ್ರಾಂ ಅಥವಾ ಒಂದು ಮಿಲಿಲೀಟರಿನಲ್ಲಿ ಕನಿಷ್ಠ 100 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದ ಮಾನದಂಡ ಪುಡಿಯಲ್ಲಿ ಗ್ರಾಂಗೆ 5 ಕೋಟಿ, ದ್ರವದಲ್ಲಿ ಮಿಲಿಲೀಟರಿಗೆ 10 ಕೋಟಿ. ಅದೂ ಕಾರ್ಖಾನೆಯಿಂದ ಹೊರಟು, ಲಾರಿಯಲ್ಲಿ ಕಾಯ್ದು, ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ತಗಡಿನ ಗೋದಾಮಿನಲ್ಲಿ ಕುಳಿತರೆ ಎಷ್ಟು ಉಳಿದಿರುತ್ತವೆ? ಹಾಕಿ ನೋಡಿದ ರೈತ ಫಲ ಕಾಣದೆ ಇದು ಬರೀ ಇದ್ದಿಲ ಪುಡಿ ಎಂದುಕೊಂಡರೆ ಅವನದೇನು ತಪ್ಪು?

ಹಾಗಾಗಿ ಚೆಂಬೂರಿನ ತಂದೆಯವರಿಗೆ ಹೇಳುವುದಿಷ್ಟು. ನಿಮ್ಮ ಮಗಳು ಆರಿಸಿಕೊಂಡ ಕಡೆ ಕೆಲಸ ಬೇಕಾದಷ್ಟಿದೆ. ಬಿಸಿಲು ತಡೆಯುವ ತಳಿ ಹುಡುಕುವುದು, ಪೊಟ್ಟಣದಲ್ಲಿ ಹೆಚ್ಚು ದಿನ ಬದುಕಿಸುವುದು, ತೊಗರಿಗೆ, ಕಡಲೆಗೆ, ನಮ್ಮ ಕಪ್ಪು ಮಣ್ಣಿಗೆ ಯಾವುದು ಸರಿ ಎಂದು ನೋಡುವುದು. ಹಾದಿ ಉದ್ದ. ನಾಲ್ಕು ವರ್ಷದ ಬಿಎಸ್ಸಿ ಕೃಷಿ, ನಂತರ ಕೃಷಿ ಸೂಕ್ಷ್ಮಜೀವಿ ಶಾಸ್ತ್ರದಲ್ಲೋ ಸಸ್ಯ ಶರೀರಶಾಸ್ತ್ರದಲ್ಲೋ ಎರಡು ವರ್ಷದ ಎಂಎಸ್ಸಿ, ಆಮೇಲೆ ಪಿಎಚ್‌ಡಿ. ಕೇಂದ್ರದ ಕಿರಿಯ ಸಂಶೋಧನಾ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ವಾರಗೆಯ ಇಂಜಿನಿಯರುಗಳು ಕಾರು ಕೊಳ್ಳುವ ವಯಸ್ಸಿನಲ್ಲಿ ಈಕೆ ಬೇರು ತೊಳೆಯುತ್ತಿರುತ್ತಾಳೆ ಎಂಬುದನ್ನು ಮನೆಯವರು ಮೊದಲೇ ಒಪ್ಪಿಕೊಂಡಿರಬೇಕು. ಜಾಗಗಳಿಗೂ ಕೊರತೆಯಿಲ್ಲ. ನಿಮ್ಮ ಮನೆಯ ಹತ್ತಿರದ ಟ್ರಾಂಬೆಯ ಭಾಭಾ ಕೇಂದ್ರದಲ್ಲೇ ಬೇಳೆಕಾಳುಗಳ ಹೊಸ ತಳಿಗಳು ಹುಟ್ಟಿವೆ. ಪುಣೆಯ ಅಘಾರ್ಕರ್ ಸಂಸ್ಥೆ ಸೋಯಾ ತಳಿಗಳಿಗೆ ಹೆಸರಾದದ್ದು. ಹೈದರಾಬಾದ್ ಪಕ್ಕದ ಪಟಾಂಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ತೊಗರಿ, ಕಡಲೆ, ಶೇಂಗಾ ಮೇಲೆ ಕೆಲಸ ಮಾಡುತ್ತದೆ. ದೆಹಲಿಯಲ್ಲಿ ಪೂಸಾ ಸಂಸ್ಥೆಯ ಸೂಕ್ಷ್ಮಜೀವಿ ವಿಭಾಗವಿದೆ.

ಹೊಸ ದಿಕ್ಕುಗಳೂ ತೆರೆದಿವೆ. ಮೆಕ್ಸಿಕೋದ ಓಹಾಕಾ ಬೆಟ್ಟಗಳ ಒಂದು ನಾಟಿ ಮೆಕ್ಕೆಜೋಳ ಕಾಂಡದಿಂದ ಇಳಿಬಿಟ್ಟ ಬೇರುಗಳಲ್ಲಿ ಲೋಳೆ ಸುರಿಸಿ, ಅದರೊಳಗೆ ಬ್ಯಾಕ್ಟೀರಿಯಾ ಸಾಕಿಕೊಂಡು, ತನಗೆ ಬೇಕಾದ ಸಾರಜನಕದಲ್ಲಿ ಶೇ. 29ರಿಂದ 82ರವರೆಗೆ ಗಾಳಿಯಿಂದ ಪಡೆಯುತ್ತದೆ ಎಂದು 2018ರಲ್ಲಿ ಗೊತ್ತಾಯಿತು. 2024ರಲ್ಲಿ, ಸಮುದ್ರದ ಒಂದು ಪಾಚಿಯೊಳಗೆ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಆ ಜೀವಕೋಶದ ಅಂಗವೇ ಆಗಿಹೋಗಿರುವುದು ವರದಿಯಾಯಿತು. ಭತ್ತ, ಗೋಧಿಗೆ ಗಂಟು ಕಟ್ಟಲು ಕಲಿಸುವ ಪ್ರಯತ್ನವೂ ನಡೆದಿದೆ. ಅದು ಇನ್ನೂ ದೂರದ ಮಾತು.

ಊರಿನಲ್ಲಿ ಹೊಲ ಇಟ್ಟುಕೊಂಡಿರುವ ಓದುಗರಿಗೆ ಕೊನೆಯದಾಗಿ ಒಂದಿಷ್ಟು. ಪೊಟ್ಟಣ ಕೊಳ್ಳುವಾಗ ಯಾವ ಬೆಳೆಗೆ ಎಂದು ಓದಿ, ಸೋಯಾದ್ದು ಕಡಲೆಗೆ ಬಾರದು. ಅವಧಿ ಮುಗಿಯುವ ದಿನಾಂಕ ನೋಡಿ, ಬಿಸಿಲಿನಲ್ಲಿ ಇಟ್ಟಿದ್ದನ್ನು ಮುಟ್ಟಬೇಡಿ. ಆರಿದ ಬೆಲ್ಲದ ನೀರಿನ ಅಂಟಿನಲ್ಲಿ ಪುಡಿ ಕಲಸಿ ಬೀಜಕ್ಕೆ ಹಗುರವಾಗಿ ಹಚ್ಚಿ, ನೆರಳಿನಲ್ಲಿ ಆರಿಸಿ, ಅದೇ ದಿನ ಬಿತ್ತಬೇಕು. ಶಿಲೀಂಧ್ರನಾಶಕದ ಜೊತೆ ಒಟ್ಟಿಗೆ ಕಲಸಿದರೆ ಬ್ಯಾಕ್ಟೀರಿಯಾ ಸಾಯಬಹುದು. ಗಿಡ ಹೂವಿಗೆ ಬರುವ ಹೊತ್ತಿಗೆ ಊರಿನಲ್ಲಿರುವ ಅಣ್ಣನಿಗೋ ಚಿಕ್ಕಪ್ಪನಿಗೋ ಫೋನ್ ಮಾಡಿ, ನಾಲ್ಕು ಗಿಡ ಅಗೆದು ಗಂಟು ಸೀಳಿ ನೋಡಲು ಹೇಳಿ. ಗುಲಾಬಿ ಇದ್ದರೆ ಕೆಲಸ ನಡೆದಿದೆ. ಬಿಳಿಯಿದ್ದರೆ ಅಥವಾ ಹಸಿರು ತಿರುಗಿದ್ದರೆ ಒಳಗೆ ಕೆಲಸ ನಡೆಯುತ್ತಿಲ್ಲ.